ದೂರದಿಂದ ಬರಬೇಕಾದವರು

ಮಂಗಳವಾರ ಸಂಜೆ ಕಸದ ಬಿನ್ ರಸ್ತೆಯಂಚಿಗೆ ತಳ್ಳುವಾಗ ಈಗಲೂ ನನ್ನ ಕೈ ಪಕ್ಕದ ಮನೆಯ ಬಿನ್ನಿನ ಕಡೆಗೇ ಹೋಗುತ್ತದೆ. ಆ ಮನೆಗೆ ಹೊಸಬರು ಬಂದು ಎಷ್ಟೋ ತಿಂಗಳಾಯಿತು. ದಿನಾ ಬೆಳಿಗ್ಗೆ ಓಡಲು ಹೋಗುವ ಗಟ್ಟಿಮುಟ್ಟಾದ ಹುಡುಗ, ತನ್ನ ಬಿನ್ ತಾನೇ ತಳ್ಳಿಕೊಳ್ಳಬಲ್ಲ. ಮೊದಮೊದಲು "ಆಲ್ ಗುಡ್ ಮೇಟ್, ಆಲ್ ಗುಡ್" ಎಂದು ಓಡಿ ಬಂದು ತಡೆಯುತ್ತಿದ್ದ. ಈಗ ಬಿಟ್ಟುಬಿಟ್ಟಿದ್ದಾನೆ. ಪಕ್ಕದ ಮನೆಯವನಿಗೆ ಏನೋ ಕೊಂಚ ಹೆಚ್ಚುಕಮ್ಮಿ ಎಂದು ಹೆಂಡತಿಗೆ ಹೇಳಿರಬೇಕು.

ಆ ಮನೆಯಲ್ಲಿ ಇದ್ದವರ ಹೆಸರು ನಾನು ಬರೆಯುವುದಿಲ್ಲ. ಹೆಸರು ಹಿಡಿದು ನಾನು ಅವರನ್ನು ಕರೆದದ್ದೂ ಇಲ್ಲ. ನಾವು ಪರ್ತಿನ ವಿಲೆಟನ್ ಬಡಾವಣೆಯ ಈ ಮನೆಗೆ ಬಂದ ದಿನವೇ ಬೇಲಿಯ ಮೇಲಿಂದ ಕೈ ಚಾಚಿ ಹೆಸರು ಹೇಳಿದ್ದರು. ಆದರೆ ಅಮ್ಮನ ವಯಸ್ಸಿನವರನ್ನು ಹಾಗೆ ಕರೆಯಲು ನನಗೂ ನನ್ನ ಹೆಂಡತಿಗೂ ನಾಲಿಗೆ ಹೊರಳಲಿಲ್ಲ. ಆಂಟಿ ಎಂದು ನೋಡಿದೆವು. "ನಾನು ನಿಮಗೆ ಯಾವ ಕಡೆಯಿಂದ ಆಂಟಿ ಆಗ್ತೀನಿ?" ಎಂದು ಅವರು ಇಂಗ್ಲಿಷಿನಲ್ಲಿ, ನಿಜವಾಗಿಯೇ ಯೋಚಿಸಿ ಕೇಳಿದರು. ಮೂರು ವರ್ಷ "ಹಲೋ" ಎಂಬುದೇ ಅವರ ಹೆಸರಾಗಿತ್ತು. ಆಮೇಲೆ ಮಗಳಿಗೆ ಮಾತು ಬಂದು, ಅವಳು ಅಜ್ಜಿ ಎಂದಳು. ಆ ಹೆಸರು ಅವರಿಗೆ ಹಿಡಿಸಿತು. ಕೊನೆಕೊನೆಗೆ ಮೆಡಿಕಲ್ ಸೆಂಟರಿನಿಂದ ಫೋನ್ ಮಾಡಿದರೂ "ನಾನು, ಅಜ್ಜಿ" ಎನ್ನುತ್ತಿದ್ದರು.

ಅವರ ಕಸುಬು ಕಾರು ಓಡಿಸುವುದನ್ನು ಕಲಿಸುವುದು. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಗಂಡನ ವೀಸಾ ಹಿಡಿದು ಬೆಂಗಳೂರು, ಮೈಸೂರಿನಿಂದ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಅವರ ಹಳೆಯ ಬಿಳಿ ಕಾರಿನಲ್ಲಿ ಲೈಸೆನ್ಸ್ ಪಡೆದರೋ. ನನ್ನ ಹೆಂಡತಿ ಆ ಸಾಲಿನಲ್ಲಿ ಮೊದಲಿನವಳು. ಅವರು ಗದರುತ್ತಿರಲಿಲ್ಲ. ನಿಲ್ಲಿಸು ಎನ್ನಬೇಕಾದರೆ ಡ್ಯಾಷ್‌ಬೋರ್ಡಿನ ಮೇಲೆ ಎರಡು ಬೆರಳು ತಟ್ಟುತ್ತಿದ್ದರು, ಅಷ್ಟೇ. ಹಿಂದಿನ ಗಾಡಿ ಹಾರ್ನ್ ಮಾಡಿದರೆ, "ಅವನಿಗೆ ಅವಸರ. ನಿನಗೇನು?" ಎನ್ನುತ್ತಿದ್ದರು. ಈ ಮಾತು ನಮ್ಮ ಮನೆಯಲ್ಲಿ ಇನ್ನೂ ಓಡಾಡುತ್ತಿದೆ. ಗಣಿಯಿಂದ ಬಂದವನು ನಾನು ಏನಾದರೂ ರೇಗಿದರೆ ಹೆಂಡತಿ ಊಟದ ಮೇಜಿನ ಮೇಲೆ ಎರಡು ಬೆರಳು ತಟ್ಟುತ್ತಾಳೆ.

ನಾನು ಭೂವಿಜ್ಞಾನಿ. ಎರಡು ವಾರ ಉತ್ತರದ ಕಬ್ಬಿಣದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಕೆಂಪು ಧೂಳು, ವಿಮಾನ, ಮತ್ತೆ ಕೆಂಪು ಧೂಳು. ದಣಿವು ಎಂಬುದು ನನಗೆ ಒಳಗಿನ ಬನಿಯನ್ನಿನ ಹಾಗೆ ಆಗಿಬಿಟ್ಟಿದೆ, ಮೈಮೇಲೆ ಇದೆಯೆಂದು ನೆನಪೇ ಇರುವುದಿಲ್ಲ. ಮನೆಯಲ್ಲಿರುವ ವಾರದ ಮಂಗಳವಾರ ಅಜ್ಜಿಯ ಬಿನ್ ನಾನು ತಳ್ಳುತ್ತೇನೆಂದು ಹೋದರೆ ಅವರು ಬಿಡುತ್ತಿರಲಿಲ್ಲ. ಸೊಂಟ ಬಗ್ಗಿಸಿ, ಭುಜವನ್ನು ಬಿನ್ನಿಗೆ ಕೊಟ್ಟು, ಗೂಳಿ ನುಗ್ಗುವಂತೆ ತಳ್ಳುತ್ತಿದ್ದರು. "ಬೆನ್ನು ಚಪ್ಪಟೆ ಇರ್ಬೇಕು. ತಲೆ ಮೇಲೆ. ಶಕ್ತಿ ಕಾಲಿಂದ ಬರ್ಬೇಕು. ನಮ್ಮಪ್ಪ ಹೀಗೇ ತಳ್ತಿದ್ದಿದ್ದು." ಅವರ ಅಪ್ಪ ಕಾರ್ಪೊರೇಷನ್ನಿನಲ್ಲಿ ಕಸದ ಗಾಡಿಯ ಕೆಲಸದಲ್ಲಿದ್ದರೆಂದು ನಾನು ಬಹಳ ಕಾಲ ನಂಬಿದ್ದೆ.

ಅವರ ಹಜಾರದಲ್ಲಿ ಒಂದೇ ಒಂದು ಫೋಟೋ ಇತ್ತು. ಕೊರಳಪಟ್ಟಿಯ ದಪ್ಪ ಬಟ್ಟೆಯ ಜರ್ಸಿ ತೊಟ್ಟ, ಚಪ್ಪಟೆ ಕಿವಿಯ, ಸ್ವಲ್ಪ ನಾಚಿಕೊಂಡಂತಿರುವ ಯುವಕ. ನಮ್ಮಮ್ಮ ಮೈಸೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿರುತ್ತಾಳೆ, ವರ್ಷ ಬಿಟ್ಟು ವರ್ಷ ನಮ್ಮಲ್ಲಿಗೆ ಬರುತ್ತಾಳೆ. ಹಾಗೆ ಬಂದಿದ್ದಾಗ ಒಮ್ಮೆ ಅಜ್ಜಿಯ ಮನೆಗೆ ಟೀಗೆ ಹೋದಳು. ಫೋಟೋ ನೋಡಿ ನನ್ನ ಕಡೆ ತಿರುಗಿ, "ಮೊಮ್ಮಗ ಲಕ್ಷಣವಾಗವ್ನೆ, ಏನ್ ಕೆಲ್ಸ ಮಾಡ್ಕೊಂಡವ್ನೆ ಅಂತ ಕೇಳು" ಎಂದಳು. ನಾನು ಕೇಳಿದೆ. ಅಜ್ಜಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಫೋಟೋದ ಎದುರು ಹೋಗಿ ನಿಂತರು.

"ಹೌದಲ್ಲ. ಈಗ ಮೊಮ್ಮಗನ ವಯಸ್ಸೇ. ಇವರು ನಮ್ಮಪ್ಪ."

ಆ ದಿನವೇ ನನಗೆ ವಿಷಯ ತಿಳಿದದ್ದು. ಅವರ ಅಪ್ಪ ಬ್ರಿಸ್ಬೇನಿನವರು, ರಗ್ಬಿ ಆಟಗಾರ. ಎರಡು ಕಡೆಯವರೂ ಭುಜಕ್ಕೆ ಭುಜ ಹೆಣೆದು ಒಬ್ಬರನ್ನೊಬ್ಬರು ತಳ್ಳುವ ಆಟದಲ್ಲಿ ನಡುವೆ ನಿಂತು ತಳ್ಳುವ ಆಸಾಮಿ. ದೇಶದ ಪರವಾಗಿ ಆಡಿದವರು. ಎರಡನೇ ಮಹಾಯುದ್ಧ ಬಂತು, ಸೈನ್ಯ ಸೇರಿದರು, ಹಡಗು ಹತ್ತಿದರು. ಮಗಳು ಹುಟ್ಟುವ ಹೊತ್ತಿಗೆ ಅವರು ಸಿಂಗಾಪುರದ ಕಡೆ ಎಲ್ಲೋ ಇದ್ದರು. ಸೆರೆ ಸಿಕ್ಕರೆಂದು ಸುದ್ದಿ ಬಂತು. ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗಿಸಿದರೆಂದು ಬಂತು. ಆಮೇಲೆ ಏನೂ ಬರಲಿಲ್ಲ. ಯಾವ ಊರಿನಲ್ಲಿ, ಯಾವ ದಿನ ಎಂದು ಹೇಳಬಲ್ಲವರು ಒಬ್ಬರೂ ಹಿಂತಿರುಗಲಿಲ್ಲ.

ತಾಯಿ ಕೆಲವು ವರ್ಷ ಕಾದು, ಅಡಿಲೇಡಿನವರೊಬ್ಬರನ್ನು ಮದುವೆಯಾದರು. ಕೆಟ್ಟ ಮನುಷ್ಯನಲ್ಲ, ಆದರೆ ಆ ಮನೆಯಲ್ಲಿ ಮೊದಲಿನವರ ಮಾತು ಎತ್ತುವಂತಿರಲಿಲ್ಲ. ಅಡಿಲೇಡಿನವರಿಗೆ ರಗ್ಬಿ ಎಂದರೆ ಏನೂ ಅಲ್ಲ, ಫುಟಿ ಎಂದು ಕರೆಯುವ ಅವರ ಫುಟ್‌ಬಾಲೇ ಬೇರೆ. ಪರ್ತಿನವರಿಗೂ ಅಷ್ಟೆ. "ನಮ್ಮಪ್ಪ ದೇಶಕ್ಕೆ ಆಡಿದ್ರು ಅಂತ ಸ್ಕೂಲಲ್ಲಿ ಹೇಳಿದ್ರೆ, ಯಾವ ಫುಟಿ ಕ್ಲಬ್ಬು ಅಂತ ಕೇಳೋರು. ರಗ್ಬಿ ಅಂದ್ರೆ ಮುಖ ತಿರುಗಿಸಿ ಹೋಗೋರು. ಪಾಪ, ತಪ್ಪು ಊರಿನ ಹೀರೋ." ಅದಕ್ಕೇ ಲೈಬ್ರರಿಗಳಲ್ಲಿ ಕೂತು ಹಳೆಯ ಪತ್ರಿಕೆ ಓದಿ ಓದಿ ಅಪ್ಪನ ಆಟವನ್ನೆಲ್ಲ ಕಂಠಪಾಠ ಮಾಡಿಕೊಂಡಿದ್ದರು. ಯಾವ ಪಂದ್ಯದಲ್ಲಿ ಕೆಸರಿತ್ತು, ಯಾವುದರಲ್ಲಿ ಅಪ್ಪನ ಹುಬ್ಬು ಒಡೆಯಿತು, ಎಲ್ಲವನ್ನೂ ತಾವೇ ಗ್ಯಾಲರಿಯಲ್ಲಿ ಕೂತು ನೋಡಿದಂತೆ ಹೇಳುತ್ತಿದ್ದರು.

ಏಪ್ರಿಲಿನಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಬೆಳಗಿನ ಜಾವ ಊರೆಲ್ಲ ಸೇರುತ್ತದಲ್ಲ, ಅದಕ್ಕೆ ಮಾತ್ರ ಅವರು ಹೋಗುತ್ತಿರಲಿಲ್ಲ. ನಾನೇ ಒಮ್ಮೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ಅಲ್ಲಿ ಹೋಗಿ ಮೌನವಾಗಿ ನಿಂತ್ಕೋಬೇಕು. ಮನೇಲೇ ಬೇಕಾದಷ್ಟು ಮೌನವಾಗಿ ಇದ್ದಾಯ್ತು. ಸಾಕಾಗಿದೆ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ನನಗೆ ಅರ್ಥವಾಯಿತು. ನಮ್ಮಪ್ಪ ತೀರಿಕೊಂಡಾಗ ನಾನು ಗಣಿಯಲ್ಲಿದ್ದೆ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದವನು ನಾನು. ಸಿಗ್ನಲ್ ಸಿಗದೆ ಅಪ್ಪನ ಮುಖ ಮಧ್ಯದಲ್ಲೇ ನಿಂತುಹೋಗಿತ್ತು.

ಮುಂದಿನ ಸಲ ಅಮ್ಮ ಬಂದಾಗ ಮಹಾಲಯ ಅಮಾವಾಸ್ಯೆ ಹತ್ತಿರವಿತ್ತು. ನಮ್ಮ ಕಡೆ ಅಂದು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರ ಫೋಟೋ ಇಟ್ಟು, ಮುಂದೆ ಬಾಳೆಲೆ ಹಾಕಿ, ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಬಡಿಸುವುದು. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಣ್ಣುವಾಗ ನೋಡಬಾರದು. ನಮ್ಮಪ್ಪನಿಗಾದರೆ ಮುದ್ದೆ, ಬೋಟಿ ಗೊಜ್ಜು, ಒಂದು ಸಿಗರೇಟು. ಬಾಳೆಲೆ ಕ್ಯಾನಿಂಗ್ಟನ್ನಿನ ಇಂಡಿಯನ್ ಅಂಗಡಿಯ ಫ್ರೀಜರಿನಿಂದ ಬರುತ್ತದೆ, ಬೋಟಿಗೆ ಕಟುಕನನ್ನು ಒಂದು ವಾರ ಮೊದಲೇ ಕಾಡಬೇಕು.

ಅಜ್ಜಿ ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದರು. ಇದೆಲ್ಲ ಯಾಕೆ ಎಂದು ಕೇಳಿದರು, ಹೇಳಿದೆ. ಅವರ ಅಪ್ಪನ ದಿನವೇ ಗೊತ್ತಿಲ್ಲವಂತೆ ಎಂದು ಅಮ್ಮನಿಗೂ ಹೇಳಿದೆ.

"ಮಾಲಯ ಅಮಾಸೆ ಇರೋದೇ ಅದಕ್ಕೆ ಕಣಪ್ಪ. ದಿನ ಗೊತ್ತಿಲ್ದೋರ್ಗೆ ಇದೇ ದಿನ" ಎಂದಳು ಅಮ್ಮ. ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಅವರಪ್ಪನ್ಗೂ ಒಂದು ಎಲೆ ಹಾಕಣ. ಏನಿಷ್ಟ ಅಂತ ಕೇಳು."

ನಾನು ಕೇಳಿದೆ. ಅಜ್ಜಿ ಬಾಯಿ ತೆರೆದರು. ಎಲ್ಲ ಪಂದ್ಯಗಳನ್ನು ಹೇಳಬಲ್ಲ ಬಾಯಿ. "ಗೊತ್ತಿಲ್ಲ" ಎಂದರು. "ಅಮ್ಮನ್ನ ಕೇಳಲೇ ಇಲ್ಲ. ಅವರೂ ದಿನಾ ಊಟ ಮಾಡ್ತಿದ್ರು ಅನ್ನೋದೇ ನನಗೆ ಹೊಳೀಲಿಲ್ಲ." ಟೀ ಅರ್ಧ ಬಿಟ್ಟು ಎದ್ದು ಹೋದರು. ಆ ವರ್ಷ ಅವರ ಅಪ್ಪನಿಗೆ ಎಲೆ ಹಾಕಲಿಲ್ಲ.

ಆಮೇಲೆ ಅವರಿಗೆ ಅದೊಂದೇ ಹಿಡಿದುಕೊಂಡಿತು. ಬಿನ್ ತಳ್ಳುವಾಗಲೂ ಅದೇ ಮಾತು, ಬಟ್ಟೆ ಒಣಹಾಕುವಾಗಲೂ ಅದೇ. ಬ್ರಿಸ್ಬೇನಿನ ವೃದ್ಧಾಶ್ರಮದಲ್ಲಿ ಅಪ್ಪನ ಕೊನೆಯ ತಂಗಿ ಇನ್ನೂ ಬದುಕಿದ್ದರು. ಅಪ್ಪನ ಜೊತೆ ಒಂದೇ ಮೇಜಿನಲ್ಲಿ ಉಂಡವರು ಲೋಕದಲ್ಲಿ ಅವರೊಬ್ಬರೇ ಉಳಿದಿದ್ದರು. ಆದರೆ ಅಣ್ಣನ ಹೆಂಡತಿ ಮರುಮದುವೆಯಾದಳೆಂದು ಆ ಮನೆಯವರು ಹಿಂದೆಯೇ ಸಂಬಂಧ ಕಡಿದುಕೊಂಡಿದ್ದರು. ಅಜ್ಜಿ ಹುಡುಗಿಯಾಗಿದ್ದಾಗ ಒಮ್ಮೆ ಹೋಗಿ ಬಾಗಿಲಿಂದಲೇ ಹಿಂತಿರುಗಿದ್ದರಂತೆ. ಈಗ ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದರು. ಅಡಿಲೇಡಿನಲ್ಲಿರುವ ಅವರ ಮಗ ಫೋನಿನಲ್ಲಿ ಕೂಗಾಡಿದ. ಈ ವಯಸ್ಸಿನಲ್ಲಿ ದೇಶದ ಈ ತುದಿಯಿಂದ ಆ ತುದಿಗೆ, ಅದೂ ಒಂದು ಅಡುಗೆ ಕೇಳುವುದಕ್ಕೆ! ನನಗೆ ಬ್ರಿಸ್ಬೇನಿನಲ್ಲಿ ಕಂಪನಿಯ ಮೀಟಿಂಗ್ ಇತ್ತು. ಜೊತೆಗೆ ಹೊರಟೆ.

ಅಜ್ಜಿಯ ಅತ್ತೆ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ಕಾಗದದಷ್ಟು ತೆಳ್ಳಗೆ. ಅಜ್ಜಿ ತಾವು ಯಾರೆಂದು ಹೇಳಿದರು. ಗುರುತು ಹತ್ತಲಿಲ್ಲ. ಅಣ್ಣನ ಹೆಸರು ಹೇಳಿದರು. ರಗ್ಬಿ ಎಂದರು, ಜರ್ಸಿ ಎಂದರು, ಯುದ್ಧ ಎಂದರು. ಅತ್ತೆ ಸೌಜನ್ಯಕ್ಕೆ ತಲೆಯಾಡಿಸಿ ನರ್ಸಿನ ದಾರಿ ನೋಡುತ್ತಿದ್ದರು. ಅಜ್ಜಿ ನನ್ನ ಕಡೆ ನೋಡಿದ ನೋಟ ನನಗೆ ಬೇಡವಾಗಿತ್ತು. ಇಷ್ಟು ದೂರ ಬಂದದ್ದು ದಂಡವಾಯಿತು ಎಂದೇ ನಾನು ಎಣಿಸಿದೆ.

ಕೊನೆಗೆ ಅಜ್ಜಿ ಮುಂದಕ್ಕೆ ಬಾಗಿ, "ಅವನಿಗೆ ತಿನ್ನೋಕೆ ಏನಿಷ್ಟ?" ಎಂದರು. ಇಷ್ಟ ಎಂದರು, ಇಷ್ಟವಿತ್ತು ಎನ್ನಲಿಲ್ಲ.

ಅತ್ತೆಯ ಮುಖ ಚಿಕ್ಕ ಹುಡುಗಿಯ ಮುಖವಾಯಿತು. "ಕಳ್ಳ! ಕಂಡೆನ್ಸ್‌ಡ್ ಮಿಲ್ಕ್ ಡಬ್ಬಿಗೆ ಮೊಳೆಯಿಂದ ಎರಡು ತೂತು ಮಾಡೋದು, ಬಾಯಿ ಹಚ್ಚಿ ಎಲ್ಲ ಹೀರೋದು, ತೂತು ಕೆಳಗೆ ಮಾಡಿ ಮತ್ತೆ ಶೆಲ್ಫಲ್ಲಿ ಇಡೋದು. ಭಾನುವಾರ ಅಮ್ಮ ತೆಗೆದ್ರೆ ಖಾಲಿ ಡಬ್ಬಿ. ಒದೆ ತಿನ್ನೋಳು ನಾನು." ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾವು ಹೊರಡುವಾಗ ಅಜ್ಜಿಯ ತೋಳು ಹಿಡಿದು, "ಇನ್ನೂ ಬಂದಿಲ್ವಾ ಅವನು?" ಎಂದು ಕೇಳಿದರು.

"ದಾರೀಲಿದ್ದಾನೆ" ಎಂದರು ಅಜ್ಜಿ.

ಕಾರಿಡಾರಿನಲ್ಲಿ ಗೋಡೆಗೆ ಭುಜ ಕೊಟ್ಟು ನಿಂತುಬಿಟ್ಟರು. ಬೆನ್ನು ಚಪ್ಪಟೆಯಿರಲಿಲ್ಲ, ತಲೆ ಮೇಲಿರಲಿಲ್ಲ. ನಾನು ಅವರ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಪರ್ತಿನ ವಿಮಾನದಲ್ಲಿ ಅವರು ಆಡಿದ್ದು ಒಂದೇ ಮಾತು. "ಆಟದ ವಿಷಯ ಎಲ್ಲರಿಗೂ ಗೊತ್ತು, ಪೇಪರಲ್ಲೇ ಇದೆ. ಇದು ನಂಗೆ ಮಾತ್ರ ಗೊತ್ತು."

ಬ್ರಿಸ್ಬೇನಿಗೆ ಹೋಗಿಬಂದ ವರ್ಷದ ಅಮಾವಾಸ್ಯೆಗೆ ನಮ್ಮಪ್ಪನ ಫೋಟೋದ ಪಕ್ಕ ಅವರಪ್ಪನ ಫೋಟೋ ಬಂತು. ಮಂಡ್ಯದ ಕಡೆಯ ಬೆಲ್ಲದ ವ್ಯಾಪಾರಿಯೂ ಬ್ರಿಸ್ಬೇನಿನ ರಗ್ಬಿ ಆಟಗಾರನೂ ಫ್ರೀಜರಿನ ಬಾಳೆಲೆಯ ಮುಂದೆ ಅಕ್ಕಪಕ್ಕ ಕೂತರು. ಅಮ್ಮನೂ ಬಂದಿದ್ದಳು, ಕಂಡೆನ್ಸ್‌ಡ್ ಮಿಲ್ಕಿನಲ್ಲಿ ಶಾವಿಗೆ ಪಾಯಸ ಮಾಡಿದಳು. ಅದು ಸಾಲದೆಂದು ಅಜ್ಜಿ ಇನ್ನೊಂದು ಡಬ್ಬಿ ತಂದು, ನಮ್ಮ ಗ್ಯಾರೇಜಿನಿಂದ ಮೊಳೆ ಸುತ್ತಿಗೆ ಕೇಳಿ ಪಡೆದು, ತಾವೇ ಎರಡು ತೂತು ಹೊಡೆದು ಎಲೆಯ ತುದಿಗೆ ಇಟ್ಟರು. ಬಾಗಿಲು ಹಾಕಿಕೊಂಡು ನಾವೆಲ್ಲ ಹಿತ್ತಲಿನ ಬಾರ್ಬಿಕ್ಯೂ ಒಲೆಯ ಪಕ್ಕದ ಕುರ್ಚಿಗಳಲ್ಲಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೆಮ್ಮಿ, ಬಾಗಿಲು ತೆಗೆಯಲು ಎದ್ದಳು. ಹಾಗೆ ಕೆಮ್ಮಿಯೇ ಒಳಗೆ ಹೋಗಬೇಕು, ಹಿರಿಯರಿಗೆ ಏಳಲು ಸಮಯ ಕೊಟ್ಟಂತೆ. ಅಜ್ಜಿ ಕುರ್ಚಿಯ ಹಿಡಿಯ ಮೇಲೆ ಎರಡು ಬೆರಳು ತಟ್ಟಿದರು.

"ಇನ್ನೂ ಸ್ವಲ್ಪ ಹೊತ್ತು ಬಿಡಿ. ಅವರು ದೂರದಿಂದ ಬರ್ಬೇಕು."

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ನಾನು ಹೇಳುವ ಮೊದಲೇ ಮತ್ತೆ ಕೂತಳು. ಸಾರು ಆರಿ ತಣ್ಣಗಾಗುವ ತನಕ ಕಾದೆವು. ಆಮೇಲೆ ಎಡೆಯ ಪಾಯಸವನ್ನು ಅಜ್ಜಿ ಎರಡು ಬಟ್ಟಲು ತಿಂದರು, ತಳವನ್ನೂ ಬಿಡದೆ.

ಹೋದ ವರ್ಷ ಜೂನಿನಲ್ಲಿ, ಇಲ್ಲಿಯ ಚಳಿಗಾಲ ಶುರುವಾಗುವಾಗ ಅಜ್ಜಿ ತೀರಿಕೊಂಡರು. ನಿದ್ದೆಯಲ್ಲೇ ಹೋದದ್ದು. ಎಷ್ಟು ದಣಿದಿದ್ದರೋ, ಮುಖ ನೋಡಿದರೆ ಮೊದಲ ಸಲ ಸರಿಯಾಗಿ ನಿದ್ದೆ ಹತ್ತಿದವರಂತಿದ್ದರು. ಮಗ ಬಂದು ಎಲ್ಲ ಮುಗಿಸಿ ಅಡಿಲೇಡಿಗೆ ಹಿಂತಿರುಗಿದ. ಅಲ್ಲಿ ನೆಂಟರನ್ನು ಸೇರಿಸಿ ಒಂದು ಊಟ ಇಟ್ಟುಕೊಂಡಿದ್ದ. ಅದಕ್ಕೆ ಒಂದು ವಾರ ಮುಂಚೆ ನನಗೆ ಫೋನ್ ಮಾಡಿದ. ಅಷ್ಟು ಮಾತಿನ ಮನುಷ್ಯ ತಡವರಿಸುತ್ತಿದ್ದ.

"ಒಂದು ಕೇಳ್ಬೇಕಿತ್ತು. ಅಮ್ಮನಿಗೆ ತಿನ್ನೋಕೆ ಏನಿಷ್ಟ ಇತ್ತು? ನನಗೆ... ನಿಜವಾಗ್ಲೂ ಗೊತ್ತಿಲ್ಲ."

ಸ್ಪೀಕರಿನಲ್ಲಿತ್ತು ಫೋನು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷ ಹೋಳಿಗೆ, ಮೈಸೂರು ಪಾಕು, ಕೊಬ್ಬರಿ ಮಿಠಾಯಿ ಏನು ಕೊಟ್ಟರೂ "ಲವ್ಲಿ" ಎಂದು ತಟ್ಟೆ ಖಾಲಿ ಮಾಡಿಯೇ ಕೊಟ್ಟಿದ್ದಾರೆ. "ಸ್ವೀಟ್ ಅಂದ್ರೆ ಪ್ರಾಣ" ಎಂದಳು ಹೆಂಡತಿ. "ಹೋಳಿಗೆ ಅಂತ ಹೇಳ್ರೀ."

ಸೋಫಾದಲ್ಲಿ ಫೋನು ನೋಡುತ್ತ ಬಿದ್ದುಕೊಂಡಿದ್ದ ಮಗಳು ತಲೆ ಎತ್ತಿದಳು. ಈಗ ಪ್ಲಸ್ ಟು ವಯಸ್ಸಿನವಳು. ನಾವು ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ.

"ನೋ ವೇ. ಅಜ್ಜಿ ಹೇಟೆಡ್ ಸ್ವೀಟ್ಸ್. ಎಲ್ಲಾ ನನಗೇ ಕೊಡ್ತಿದ್ರು ಓವರ್ ದ ಫೆನ್ಸ್." ಆಮೇಲೆ ನಿಧಾನವಾಗಿ, "ಅವ್ರಿಗಿಷ್ಟ ದ ರೆಡ್ ಪೌಡರ್. ಬಟರ್ ಟೋಸ್ಟ್ ಮೇಲೆ" ಎಂದಳು. ಕನ್ನಡ ಅವಳ ಬಾಯಲ್ಲಿ ಅಷ್ಟು ಬಂದದ್ದೇ ಅಪರೂಪ.

ಕೆಂಪು ಪುಡಿ ಎಂದರೆ ಅಮ್ಮ ಮೈಸೂರಿನಿಂದ ತರುವ ಚಟ್ನಿಪುಡಿ. ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. "ಅವತ್ತು ಪಾಯಸ ಎರಡು ಬಟ್ಟಲು ತಿಂದ್ರಲ್ರೀ" ಎಂದಳು. ಆ ಪುಡಿ ಎಲ್ಲಿ ಸಿಗುತ್ತದೆ ಎಂದು ಅಡಿಲೇಡಿನ ಮಗ ಕೇಳಿದ. ಚಟ್ನಿಪುಡಿಯನ್ನು ಮರುದಿನವೇ ಕೊರಿಯರ್ ಮಾಡಿದೆ.

ಹೊಸದಾಗಿ ಸತ್ತವರನ್ನು ವರ್ಷ ತುಂಬುವ ತನಕ ಹಿರಿಯರ ಜೊತೆ ಸೇರಿಸುವಂತಿಲ್ಲ ಎಂದು ಅಮ್ಮ ಹೇಳಿದ್ದಳು. ಹಾಗಾಗಿ ಅವರಿಗೆ ಎಲೆ ಬಿದ್ದದ್ದು ಈ ವರ್ಷ. ಅಮ್ಮನಿಗೆ ಈಗ ಮೊಣಕಾಲು ಆಗುವುದಿಲ್ಲ, ಪ್ರಯಾಣ ನಿಂತಿದೆ. ಮೈಸೂರಿನಿಂದ ವಿಡಿಯೋದಲ್ಲಿ ನೋಡುತ್ತಿದ್ದಳು. ಮೂರನೆಯ ಎಲೆಯ ಮೇಲೆ ಮಗಳು ಬೆಣ್ಣೆ ಹಚ್ಚಿದ ಟೋಸ್ಟು ಇಟ್ಟು, ಮೇಲೆ ಚಟ್ನಿಪುಡಿ ಉದುರಿಸಿದಳು.

"ಬ್ರೆಡ್ಡ ಎಡೆಗಿಡ್ತಾರೇನ್ಲಾ?" ಎಂದಳು ಅಮ್ಮ. ಮತ್ತೆ ತಾನೇ, "ಇಟ್ಕಳ್ಲಿ ಬಿಡು. ಇನ್ನೊಂದ್ ಚೂರು ಪುಡಿ ಹಾಕು ಅನ್ನು ಮಗೀಗೆ" ಎಂದಳು.

ಬಾಗಿಲು ಹಾಕಿ ಹಿತ್ತಲಲ್ಲಿ ಕೂತೆವು. ಬೇಲಿಯಾಚೆ ಹೊಸ ಹುಡುಗ ಹುಲ್ಲು ಕತ್ತರಿಸುತ್ತಿದ್ದ. ಮರುದಿನ ಬೆಳಗಿನ ವಿಮಾನಕ್ಕೆ ನಾನು ಗಣಿಗೆ ಹೊರಡಬೇಕಿತ್ತು, ಬ್ಯಾಗು ಇನ್ನೂ ತುಂಬಿರಲಿಲ್ಲ, ಕಣ್ಣು ಎಳೆಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಫೋನಿನಿಂದ ಅಮ್ಮ ಕೆಮ್ಮಿದಳು. "ಸಾಕು ತೆಗಿಯೋ. ಪಕ್ಕದ್ಮನೆಯಿಂದ ಬರಕೆ ಎಷ್ಟೊತ್ ಬೇಕು?"

ನಾನು ಎದ್ದು ಬಾಗಿಲ ಹಿಡಿಗೆ ಕೈ ಹಾಕಿದೆ. ಹಿಂದಿನಿಂದ ಮಗಳು ಕುರ್ಚಿಯ ಮೇಲೆ ಎರಡು ಬೆರಳು ತಟ್ಟಿದಳು.

"ಅಪ್ಪ, ವೇಟ್. ಶಿ ವೋಂಟ್ ಸ್ಟಾರ್ಟ್ ವಿದೌಟ್ ಹರ್ ಡ್ಯಾಡ್."

ನಾನು ಕೈ ತೆಗೆದು, ಬಂದು ಕೂತೆ.